ವಿಲೀನಗೊಂಡ ಶಾಲೆ ಮತ್ತು ಬೆಳಗಿನ ಹೊಟ್ಟೆನೋವು: ಒಂದು ಆಪ್ತಸಲಹೆ ಪ್ರಕರಣ

ಬೆಂಗಳೂರಿನ ಹೊರವಲಯದ ಹಳ್ಳಿಯೊಂದರ ಎಂಟನೇ ತರಗತಿಯ ಹುಡುಗಿ ಕಾವ್ಯಳನ್ನು (ಹೆಸರು ಮತ್ತು ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ) ಆಕೆಯ ತಾಯಿ ಕರೆತಂದದ್ದು ಹೊಟ್ಟೆನೋವಿನ ದೂರಿನೊಂದಿಗೆ. ಶಾಲೆಯ ದಿನಗಳಲ್ಲಿ ಬೆಳಿಗ್ಗೆ ನೋವು ಹೆಚ್ಚಾಗುತ್ತಿತ್ತು. ಭಾನುವಾರ ಚೆನ್ನಾಗಿಯೇ ಇರುತ್ತಾಳಾದ್ದರಿಂದ ಇದೆಲ್ಲ ನಾಟಕವೆಂಬುದು ತಂದೆಯ ತೀರ್ಮಾನವಾಗಿತ್ತು.

ಕಾವ್ಯ ಏಳನೆಯ ತರಗತಿಯವರೆಗೆ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದಿದವಳು. ಮಕ್ಕಳ ಸಂಖ್ಯೆ ಕುಸಿದಿದ್ದ ಆ ಶಾಲೆಯನ್ನೂ ಸುತ್ತಲಿನ ಇನ್ನೆರಡನ್ನೂ ನಾಲ್ಕು ಕಿಲೋಮೀಟರ್ ದೂರದ ಕರ್ನಾಟಕ ಪಬ್ಲಿಕ್ ಶಾಲೆಗೆ ಸೇರಿಸಲಾಗಿತ್ತು. ಪೂರ್ವ ಪ್ರಾಥಮಿಕದಿಂದ ದ್ವಿತೀಯ ಪಿಯುಸಿಯವರೆಗೆ ಒಂದೇ ಆಡಳಿತದಡಿ ಇರಬೇಕೆಂದು 2018-19ರಿಂದ ರೂಪುಗೊಂಡ ಇಂಥ ಶಾಲೆಗಳಲ್ಲಿ ಪ್ರಯೋಗಾಲಯ, ವಿಷಯವಾರು ಶಿಕ್ಷಕರು, ಆಟದ ಮೈದಾನ ಸಿಗುವುದು ಸಣ್ಣ ಲಾಭವೇನಲ್ಲ, ಮತ್ತು ವಿಲೀನವೇ ತಪ್ಪೆಂದು ಹೇಳಲು ನಾನು ಈ ಪ್ರಕರಣವನ್ನು ಬರೆಯುತ್ತಿಲ್ಲ.

ಏನಾಗಿದೆ ಎಂದು ನೇರವಾಗಿ ಕೇಳಿದರೆ ತಲೆ ತಗ್ಗಿಸುತ್ತಿದ್ದ ಹುಡುಗಿಗೆ, ನಿನ್ನೆಯ ದಿನವನ್ನು ಗಂಟೆಗಂಟೆಯಾಗಿ ಹೇಳು ಎಂದೆ. ಆಗ ಗೊತ್ತಾದದ್ದು, ಮನೆ ಬಿಡುವ ಮುಂಚಿನಿಂದ ಸಂಜೆ ಮರಳುವವರೆಗೆ ಆಕೆ ನೀರು ಕುಡಿಯುತ್ತಲೇ ಇರಲಿಲ್ಲ. ಹತ್ತು ನಿಮಿಷದ ವಿರಾಮದಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಮುಂದಿನ ಸಾಲಿನಲ್ಲಿ ಪಿಯುಸಿಯ ಅಕ್ಕಂದಿರೇ ಮೊದಲು. ತಡವಾಗಿ ಒಳಹೋದರೆ ಗಣಿತದ ಮೇಷ್ಟ್ರು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದೆ, ಮೂತ್ರ ಪರೀಕ್ಷೆಯಲ್ಲಿ ಸೋಂಕು ಕಂಡಿತು, ಔಷಧಿಯಿಂದ ನೋವು ಬಹುಪಾಲು ಹೋಯಿತು. ಮಗು ಶಾಲೆಗೆ ಹೋಗಲು ಹಿಂಜರಿದಾಗ ಮನಸ್ಸನ್ನು ಶೋಧಿಸುವ ಮೊದಲು ದೇಹವನ್ನು ವೈದ್ಯರಿಗೆ ತೋರಿಸಬೇಕೆಂದು ಪೋಷಕರಿಗೆ ನಾನು ಒತ್ತಿ ಹೇಳುವುದು ಇದಕ್ಕೇ.

ಆದರೆ ನೋವು ಹೋದ ಮೇಲೂ ಹಿಂಜರಿಕೆ ಉಳಿಯಿತು. ಆಕೆಯ ನೋಟ್‌ಬುಕ್ಕುಗಳ ಲೇಬಲ್ಲಿನಲ್ಲಿ ಹೆಸರು, ತರಗತಿ, ವಿಷಯ ಎಲ್ಲವೂ ದುಂಡಗಿನ ಅಕ್ಷರದಲ್ಲಿದ್ದವು. ಶಾಲೆ ಎಂಬ ಸಾಲು ಮಾತ್ರ ಎಲ್ಲದರಲ್ಲೂ ಖಾಲಿ. ಹಳೆಯ ಶಾಲೆಯಲ್ಲಿ ಪ್ರಾರ್ಥನೆ ಹೇಳಿಸುತ್ತಿದ್ದವಳು, ಬಿಸಿಯೂಟದಲ್ಲಿ ಚಿಕ್ಕವರಿಗೆ ಬಡಿಸುತ್ತಿದ್ದವಳು ಇಲ್ಲಿ ‘ಸಿ’ ವಿಭಾಗದ ಕೊನೆಯ ಬೆಂಚಿನವಳಾಗಿದ್ದಳು. ವಿಲೀನಗೊಂಡ ಶಾಲೆಗಳ ಕನ್ನಡ ಮಾಧ್ಯಮದ ಮಕ್ಕಳನ್ನೆಲ್ಲ ಆ ಒಂದೇ ವಿಭಾಗಕ್ಕೆ ಹಾಕಿದ್ದರಿಂದ ಶಿಕ್ಷಕರೂ ಅವರನ್ನು ‘ಹಳ್ಳಿ ಶಾಲೆಯವರು’ ಎಂದೇ ಕರೆಯುತ್ತಿದ್ದರು, ಅದೂ ಕೆಟ್ಟ ಉದ್ದೇಶವಿಲ್ಲದೆ.

ತಾಯಿಗೆ ನಾನು ಹೇಳಿದ್ದೇನೆಂದರೆ, ಹೊಸ ಶಾಲೆಯನ್ನು ಹೊಗಳಿ ಮಗಳನ್ನು ಒಲಿಸಲು ಹೋಗಬೇಡಿ, ಹಳೆಯದರ ಬಗ್ಗೆ ಆಕೆ ಮಾತಾಡಿದರೆ ತಡೆಯಬೇಡಿ. ರಜೆ ಹಾಕಿದ ದಿನ ಮೊಬೈಲು, ಟಿವಿ ಇರದಿರಲಿ, ಮೊದಲ ವಾರ ಊರಿನ ಇನ್ನಿಬ್ಬರು ಹುಡುಗಿಯರೊಂದಿಗೇ ಕಳುಹಿಸಿ. ಮೊಕದ್ದಮೆಯ ಮಾತೆತ್ತಿದ್ದ ತಂದೆಗೆ, ಶಿಕ್ಷಣ ಹಕ್ಕು ಕಾಯ್ದೆಯಡಿಯ ರಾಜ್ಯದ ನಿಯಮಗಳು ಆರರಿಂದ ಎಂಟನೇ ತರಗತಿಗೆ ಹೇಳುವ ಮೂರು ಕಿಲೋಮೀಟರಿನ ಮಿತಿಯನ್ನು ಉಲ್ಲೇಖಿಸಿ, ಸಾರಿಗೆಗಾಗಿ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ಮನವಿ ಕೊಡುವುದು ಮೊದಲ ಹೆಜ್ಜೆಯೆಂದು ಸೂಚಿಸಿದೆ. ರಾತ್ರಿ ಹೊತ್ತು ಆತಂಕ ಹೆಚ್ಚಾದರೆ ಕರೆಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416 ಸಂಖ್ಯೆಯನ್ನೂ ಬರೆದುಕೊಟ್ಟೆ.

ನನ್ನ ಸಲಹೆಯ ಹೆಚ್ಚಿನ ಭಾಗ ಇದ್ದದ್ದು ಪೋಷಕರ ಒಪ್ಪಿಗೆ ಪಡೆದು ಶಾಲೆಗೆ ಬರೆದ ಪತ್ರದಲ್ಲಿ, ಏಕೆಂದರೆ ಮೂರು ಶಾಲೆಗಳನ್ನು ಕೂಡಿಸಿದ ಆದೇಶಕ್ಕೆ ಹೊಂದಿಕೊಳ್ಳುವ ಹೊಣೆಯನ್ನೆಲ್ಲ ಹದಿಮೂರರ ಹುಡುಗಿಯೊಬ್ಬಳ ಮೇಲೆ ಹೊರಿಸುವುದು ನ್ಯಾಯವಲ್ಲ. ಪ್ರೌಢಶಾಲೆಗೂ ಪಿಯುಸಿಗೂ ವಿರಾಮದ ವೇಳೆಯನ್ನು ಬೇರೆ ಮಾಡಬೇಕು, ಮಾಧ್ಯಮ ಬೇರೆಯಾದರೂ ಆಟ, ಪ್ರಾರ್ಥನೆ, ಪ್ರಯೋಗಾಲಯಗಳಲ್ಲಿ ವಿಭಾಗಗಳನ್ನು ಬೆರೆಸಬೇಕು, ಹಳೆಯ ಶಾಲೆಯಿಂದ ಬಂದ ಶಿಕ್ಷಕಿಯೊಬ್ಬರನ್ನು ಈ ಮಕ್ಕಳ ಹೊಣೆಗೆ ನೇಮಿಸಬೇಕು ಎಂದು ಕೋರಿದ್ದೆ. ಉಪಪ್ರಾಂಶುಪಾಲರು ವಿರಾಮದ ವೇಳೆಯನ್ನು ಮರುವಾರವೇ ಬದಲಿಸಿದರು, ಶಿಕ್ಷಕಿಯನ್ನೂ ನೇಮಿಸಿದರು; ವಿಭಾಗಗಳನ್ನು ಬೆರೆಸುವ ಮಾತನ್ನು ಮುಂದಿನ ಶೈಕ್ಷಣಿಕ ವರ್ಷಕ್ಕೆ ಮುಂದೂಡಿದರು. ಕಾವ್ಯ ಈಗ ನಿತ್ಯ ಶಾಲೆಗೆ ಹೋಗುತ್ತಾಳೆ, ಗಣಿತದಲ್ಲಿ ಇನ್ನೂ ಹಿಂದಿದ್ದಾಳೆ; ಬಸ್ಸಿನ ಮನವಿಗೆ ಉತ್ತರ ಬಂದಿಲ್ಲ.