ಗೇಟಿನ ಏರಿಗೆ ಯಾವ ಗೇರು?

ವಿರಾಜಪೇಟೆ ಹತ್ತಿರದ ಕಾಕೋಟುಪರಂಬು ಕಡೆಯ ತೋಟದ ಮನೆಯಿಂದ ಟೀಚರೊಬ್ಬರು ಬರೆದಿದ್ದಾರೆ. ದಿನಾ ಕಾರು ಓಡಿಸಿಕೊಂಡು ಮಡಿಕೇರಿಯ ಶಾಲೆಗೆ ಹೋಗಿ ಬರುತ್ತಾರೆ. ಹಳೆ ಕಾರು ಕೊಟ್ಟು ವೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ತಗೊಳ್ಳುವುದು ಅಂತ ಗಟ್ಟಿ ಮಾಡಿಕೊಂಡಿದ್ದಾರೆ. ಎಂಜಿನ್ ಬಗ್ಗೆ ಜಗಳವಿಲ್ಲ, 1.5 ಟಿಎಸ್‌ಐ, ಅಂದರೆ ಒಂದೂವರೆ ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್. ತಕರಾರು ಇರುವುದು ಗೇರಿನದ್ದು. ಯಜಮಾನರು ಡಿಎಸ್‌ಜಿ ಎನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅನ್ನುತ್ತಾರೆ, ಮಾವ ಮ್ಯಾನುಯಲ್ ಅನ್ನುತ್ತಾರೆ. "ದಿನಾ ಓಡಿಸುವವಳು ನಾನು. ಸ್ಪೋರ್ಟಿ ಕಾರು ಬೇಕು ಅನ್ನುವುದು ನನ್ನ ಬಹಳ ವರ್ಷದ ಆಸೆ. ತಪ್ಪಾಗಿ ಆರಿಸಿಕೊಂಡು ಆಮೇಲೆ ಕೊರಗುವುದು ಬೇಡ. ನೀವೇ ಒಂದು ಹೇಳಿ" ಎಂದಿದ್ದಾರೆ. ಮಳೆಗೆ ಮುಂಚೆ ತಗೊಳ್ಳಬೇಕೋ, ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡವರ ಹಬ್ಬ ಕೈಲ್‌ಪೊಳ್ದ್ ಕಳೆದ ಮೇಲೋ ಅಂತ ಕೊನೆಯಲ್ಲಿ ಇನ್ನೊಂದು ಪ್ರಶ್ನೆಯೂ ಇದೆ.

ಟೀಚರೇ,

ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನೀವು ಮ್ಯಾನುಯಲ್ ತಗೊಳ್ಳಿ.

ಇದನ್ನು ನಿಮ್ಮ ಮಾವನ ಪಕ್ಷ ವಹಿಸಿ ಹೇಳುತ್ತಿಲ್ಲ. "ಆಟೋಮ್ಯಾಟಿಕ್ ಎಲ್ಲ ಘಾಟಿಗೆ ಆಗಲ್ಲ" ಎಂದು ಅವರು ಹೇಳಿದ್ದಾರೆಂದು ಬರೆದಿದ್ದೀರಿ. ಅದು ಹಳೆ ಕಾಲದ ಮಾತು. ಡಿಎಸ್‌ಜಿ ಘಾಟಿಗೆ ಚೆನ್ನಾಗಿಯೇ ಆಗುತ್ತದೆ. ನಾನು ಮ್ಯಾನುಯಲ್ ಅನ್ನುತ್ತಿರುವುದು ನಿಮ್ಮ ಪತ್ರದ ಮಧ್ಯದಲ್ಲಿರುವ ಒಂದು ಸಾಲಿಗಾಗಿ. "ಮೇನ್ ರೋಡಿನಿಂದ ಮನೆಗೆ ಅರ್ಧ ಕಿಲೋಮೀಟರ್ ತೋಟದ ದಾರಿ, ಗೇಟಿನ ಹತ್ತಿರ ಕಡಿದಾದ ಏರು, ಎದುರಿಗೆ ಪಿಕಪ್ ಬಂದರೆ ನಾನೇ ರಿವರ್ಸ್ ಹೋಗಬೇಕು" ಎಂದು ಬರೆದಿದ್ದೀರಲ್ಲ, ಆ ಸಾಲು. ದಿನಾ ಓಡಿಸುವ ಕಾರನ್ನು ಆರಿಸುವಾಗ ದಾರಿಯಲ್ಲಿ ಅತಿ ಕಷ್ಟದ ತುಂಡು ಯಾವುದೋ ಅದನ್ನೇ ನೋಡಬೇಕು. ಮಿಕ್ಕ ದಾರಿಯಲ್ಲಿ ಎರಡು ಕಾರೂ ಸುಖವಾಗಿಯೇ ಹೋಗುತ್ತವೆ.

ಎರಡಕ್ಕೂ ಎಂಜಿನ್ ಒಂದೇ ತಾನೇ. 150 ಪಿಎಸ್ ಪವರ್, 250 ಎನ್‌ಎಂ ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಬಲ. ಆ ಟಾರ್ಕ್ ಸುಮಾರು 1600 ಆರ್‌ಪಿಎಂನಲ್ಲೇ ಪೂರ್ತಿ ಸಿಗುತ್ತದೆ, 3500ರವರೆಗೂ ಹಾಗೇ ಇರುತ್ತದೆ. ನಮ್ಮ ರಸ್ತೆಗೆ ಬೇಕಾದದ್ದು ಇದೇ. ಬೇತ್ರಿಯಲ್ಲಿ ಕಾವೇರಿ ದಾಟಿ ಮೂರ್ನಾಡು, ಮೇಕೇರಿ ಮೇಲೆ ಮಡಿಕೇರಿಗೆ ಹೋಗುವಾಗ ಒಂದೇ ಸಮನೆ ಏರು. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಟರ್ಬೊ ಇಲ್ಲದ ಎಂಜಿನ್ ಅಷ್ಟು ಎತ್ತರದಲ್ಲಿ ಸ್ವಲ್ಪ ಸೊರಗುತ್ತದೆ, ಇದಕ್ಕೆ ಆ ತಾಪತ್ರಯ ಕಮ್ಮಿ. ಮೂರ್ನಾಡು ದಾಟಿದ ಮೇಲೆ ಖಾಸಗಿ ಬಸ್ಸಿನ ಹಿಂದೆ ಸಿಕ್ಕಿಬಿದ್ದು, ಸಣ್ಣದೊಂದು ನೇರ ರಸ್ತೆ ಸಿಕ್ಕಾಗ ಓವರ್‌ಟೇಕ್ ಮಾಡಬೇಕಲ್ಲ, ಅಲ್ಲಿ ಈ ಎಂಜಿನ್ನಿನ ಬೆಲೆ ಗೊತ್ತಾಗುತ್ತದೆ.

ಈಗ ಡಿಎಸ್‌ಜಿ ವಿಷಯ. ಯಜಮಾನರು ಮೈಸೂರಿನ ರಿಂಗ್ ರೋಡಿನಲ್ಲಿ ಟೆಸ್ಟ್ ಡ್ರೈವ್ ಮಾಡಿ ಮರುಳಾಗಿದ್ದಾರೆ ಎಂದಿದ್ದೀರಿ. ಅವರು ಮರುಳಾದದ್ದರಲ್ಲಿ ತಪ್ಪೇನಿಲ್ಲ. ಅದರೊಳಗೆ ಎರಡು ಕ್ಲಚ್ ಇವೆ. ಒಂದು 1, 3, 5, 7ನೇ ಗೇರನ್ನು ನೋಡಿಕೊಳ್ಳುತ್ತದೆ, ಇನ್ನೊಂದು 2, 4, 6 ಮತ್ತು ರಿವರ್ಸನ್ನು. ನೀವು ಮೂರರಲ್ಲಿ ಹೋಗುತ್ತಿರುವಾಗಲೇ ನಾಲ್ಕು ರೆಡಿ ಇರುತ್ತದೆ. ಬದಲಾಗುವುದು ಕ್ಲಚ್ ಮಾತ್ರ. ಅದಕ್ಕೇ ಗೇರು ಬಿದ್ದದ್ದು ಗೊತ್ತೇ ಆಗುವುದಿಲ್ಲ, ಎಳೆತ ಒಂದು ಕ್ಷಣವೂ ತಪ್ಪುವುದಿಲ್ಲ. ನಮ್ಮಲ್ಲಿ ಯಾರು ಕೈಯಲ್ಲಿ ಎಷ್ಟೇ ಚುರುಕಾಗಿ ಗೇರು ಹಾಕಿದರೂ ಇದಕ್ಕೆ ಸಮ ಆಗಲಾರರು.

ಆದರೆ ಈ ಏಳು ಗೇರಿನ ಡಿಎಸ್‌ಜಿಯ ಕ್ಲಚ್‌ಗಳು ಒಣ ಕ್ಲಚ್‌ಗಳು. ಎಣ್ಣೆಯಲ್ಲಿ ಮುಳುಗಿಸಿಟ್ಟ ಕ್ಲಚ್ ಇರುವ ಡಿಎಸ್‌ಜಿಗಳೂ ಇವೆ, ಅವು ದೊಡ್ಡ ಎಂಜಿನ್‌ಗಳಿಗೆ ಬರುತ್ತವೆ. ಅಲ್ಲಿ ಬಿಸಿಯನ್ನು ಎಣ್ಣೆ ಹೊತ್ತುಕೊಂಡು ಹೋಗುತ್ತದೆ. ಇಲ್ಲಿ ಆ ಬಿಸಿ ಗಾಳಿಯಲ್ಲೇ ಆರಬೇಕು. ಕಾರು ಓಡುತ್ತಿದ್ದರೆ ಕ್ಲಚ್ ಪೂರ್ತಿ ಹಿಡಿದಿರುತ್ತದೆ, ಬಿಸಿಯ ಮಾತೇ ಇಲ್ಲ. ನಡಿಗೆಗಿಂತ ನಿಧಾನವಾಗಿ ತೆವಳುವಾಗ ಮಾತ್ರ ಅದು ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜುತ್ತಿರುತ್ತದೆ. ಇನ್ನೊಂದು ವಿಷಯ. ಈ ಗೇರ್‌ಬಾಕ್ಸ್ ತಡೆಯುವ ಮಿತಿ 250 ಎನ್‌ಎಂ. ನಿಮ್ಮ ಎಂಜಿನ್ ಕೊಡುವುದೂ ಸರಿಯಾಗಿ ಅಷ್ಟೇ.

ಈಗ ನಿಮ್ಮ ಗೇಟಿಗೆ ಬನ್ನಿ. ಜನವರಿ, ರೋಬಸ್ಟಾ ಕುಯ್ಲು ನಡೆಯುತ್ತಿದೆ. ಸಂಜೆ ಶಾಲೆ ಬಿಟ್ಟು ಬಂದಿದ್ದೀರಿ. ಅರ್ಧ ಏರು ಹತ್ತಿದ್ದೀರಿ, ಮೇಲಿಂದ ಚೀಲ ತುಂಬಿದ ಪಿಕಪ್ ಇಳಿಯಿತು. ಹಿಂದೆ ಇಳಿದು ಬದಿಗೆ ನಿಂತು ದಾರಿ ಬಿಟ್ಟಿರಿ. ಮತ್ತೆ ಏರು. ಚಕ್ರದ ಕೆಳಗೆ ಜಲ್ಲಿ, ನಡುವೆ ನೀರು ಕೊರೆದ ಕೊರಕಲು, ಜೋರಾಗಿ ನುಗ್ಗಲಿಕ್ಕೆ ಆಗುವುದಿಲ್ಲ. ಇಂಚಿಂಚೇ ಹತ್ತಬೇಕು. ಅಂಗಳದಲ್ಲಿ ಕಾಫಿ ಹರಡಿದ್ದರೆ ತಿರುಗಿಸಲು ಜಾಗವಿಲ್ಲ, ಶೆಡ್ಡಿನವರೆಗೆ ರಿವರ್ಸಿನಲ್ಲೇ ಏರಬೇಕು. ಆ ಕೆಲವು ನಿಮಿಷ ಡಿಎಸ್‌ಜಿಯ ಕ್ಲಚ್ ಉಜ್ಜುತ್ತಲೇ ಇರುತ್ತದೆ. ಎಷ್ಟು ಉಜ್ಜಬೇಕು, ಎಲ್ಲಿ ಪೂರ್ತಿ ಬಿಡಬೇಕು ಎನ್ನುವುದು ಕಂಪ್ಯೂಟರಿನ ಲೆಕ್ಕ, ನಿಮ್ಮ ಕೈಯಲ್ಲಿಲ್ಲ. ಒಂದು ದಿನಕ್ಕೆ ಏನೂ ಆಗುವುದಿಲ್ಲ. ಜಾಸ್ತಿ ಬಿಸಿಯಾದರೆ ಎಚ್ಚರಿಕೆ ಕೊಡುವ ವ್ಯವಸ್ಥೆಯೂ ಇದೆ. ಆದರೆ ನಿಮಗಿದು ವರ್ಷಪೂರ್ತಿ, ದಿನಕ್ಕೆ ಎರಡು ಸಲದ ಕೆಲಸ.

ಮ್ಯಾನುಯಲ್‌ನಲ್ಲೂ ಕ್ಲಚ್ ಸವೆಯುತ್ತದಲ್ವಾ ಎಂದು ಯಜಮಾನರು ಕೇಳುತ್ತಾರೆ. ಸವೆಯುತ್ತದೆ. ಅರ್ಧ ಕ್ಲಚ್‌ನಲ್ಲಿ ಕಾರನ್ನು ಏರಿನಲ್ಲಿ ನಿಲ್ಲಿಸಿಕೊಳ್ಳುವ ಅಭ್ಯಾಸ ಇದ್ದವರ ಕೈಯಲ್ಲಿ ಇನ್ನೂ ಬೇಗ ಸವೆಯುತ್ತದೆ. ವ್ಯತ್ಯಾಸ ಎಲ್ಲಿದೆ ಅಂದರೆ, ಅದು ನಿಮ್ಮ ಎಡಗಾಲಿಗೆ ಗೊತ್ತಾಗುತ್ತದೆ. ವಾಸನೆ ಬರುವ ಮುಂಚೆಯೇ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿ, ಒಮ್ಮೆಗೇ ಬಿಟ್ಟು ಹತ್ತಿಸಬಹುದು. ಹದಿನೆಂಟನೇ ವಯಸ್ಸಿನಿಂದ ಅಪ್ಪನ ಜೀಪು ಓಡಿಸಿದವರು ನೀವು. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಸವೆದ ಕ್ಲಚ್ ಬದಲಿಸುವ ಖರ್ಚೂ ಮ್ಯಾನುಯಲ್‌ಗೆ ಕಮ್ಮಿ. ಡಿಎಸ್‌ಜಿಗೆ ಕ್ಲಚ್ ಸೆಟ್ಟು, ಅದನ್ನು ಕೂರಿಸುವ ವಿಶೇಷ ಸಲಕರಣೆ, ಕಂಪ್ಯೂಟರಿನಲ್ಲಿ ಹೊಂದಿಸುವ ಕೆಲಸ ಎಲ್ಲ ಬೇಕು. ವಿರಾಜಪೇಟೆಯ ಗ್ಯಾರೇಜಿನಲ್ಲಿ ಆಗುವ ಕೆಲಸವಲ್ಲ. ಮೈಸೂರು ನೂರು ಕಿಲೋಮೀಟರಿಗೂ ದೂರ. ಮಳೆಗಾಲದಲ್ಲಿ ಕಾರನ್ನು ಲಾರಿ ಮೇಲೆ ಹಾಕಿಸಿ ಕಳಿಸುವುದು ಎಷ್ಟು ಕಷ್ಟ ಎನ್ನುವುದು ಕೊಡಗಿನಲ್ಲಿ ಕಾರಿಟ್ಟವರಿಗೆಲ್ಲ ಗೊತ್ತು.

ಈ ಗೇರ್‌ಬಾಕ್ಸ್ ಬಗ್ಗೆ ಭಯ ಹುಟ್ಟಿಸುವ ಮಾತು ನಿಮ್ಮ ಕಿವಿಗೂ ಬಿದ್ದಿದೆ. ಅದರ ಬಗ್ಗೆ ಒಂದು ಮಾತು. 2013ರಲ್ಲಿ ಚೀನಾದಲ್ಲಿ ಡಿಎಸ್‌ಜಿ ತೊಂದರೆಯಿಂದಾಗಿ ಕಂಪನಿ 3.84 ಲಕ್ಷ ಕಾರುಗಳನ್ನು ವಾಪಸ್ ಕರೆಸಿಕೊಂಡಿತ್ತು. ಅಲ್ಲಿಂದ ಈಚೆಗೆ ಬಹಳಷ್ಟು ಸುಧಾರಿಸಿದೆ. ನಿಮ್ಮ ಕಾರು ಆ ಕಾಲದ್ದಲ್ಲ. ಹಾಗಾಗಿ ಬರೀ ಭಯದಿಂದ ಡಿಎಸ್‌ಜಿ ಬಿಡಬೇಡಿ. ಬಿಡುವುದಾದರೆ ನಿಮ್ಮ ಗೇಟಿನ ಕಾರಣಕ್ಕೆ ಬಿಡಿ.

ಇನ್ನು ಕೇರಳದ ಕಡೆಗೆ ಇಳಿಯುವ ಮಾಕುಟ್ಟ ಘಾಟಿ. ತಿಂಗಳಿಗೊಮ್ಮೆ ತಮ್ಮನನ್ನು ಕರೆತರಲು ಕಣ್ಣೂರು ಏರ್‌ಪೋರ್ಟಿಗೆ ಹೋಗುತ್ತೀರಿ. ಪೆರುಂಬಾಡಿ ದಾಟಿದ ಮೇಲೆ ಇಳಿಜಾರು, ತಿರುವು, ಎರಡೂ ಕಡೆ ಕಾಡು. ಡಿಎಸ್‌ಜಿಯನ್ನು ಡಿ ಮೋಡಿನಲ್ಲಿ ಬಿಟ್ಟು ಇಳಿದರೆ ಪೆಟ್ರೋಲ್ ಉಳಿಸಲು ಅದು ಮೇಲಿನ ಗೇರಿಗೆ ಹೋಗಲು ನೋಡುತ್ತದೆ. ಆಗ ಎಂಜಿನ್ ಕಾರನ್ನು ತಡೆಯುವುದಿಲ್ಲ, ಎಲ್ಲ ಭಾರ ಬ್ರೇಕಿನ ಮೇಲೆ. ಸ್ಟೀರಿಂಗ್ ಹಿಂದಿನ ಪ್ಯಾಡಲ್ ಒತ್ತಿ ಎರಡಕ್ಕೋ ಮೂರಕ್ಕೋ ಇಳಿಸಬೇಕು. ಆಗುವುದಿಲ್ಲ ಎಂದಲ್ಲ, ನೆನಪಿಟ್ಟು ಮಾಡಬೇಕು. ಮ್ಯಾನುಯಲ್‌ನಲ್ಲಿ ಎರಡಕ್ಕೆ ಹಾಕಿದರೆ ಘಾಟಿಯ ಕೆಳಗೆ ಕೂಟುಪುಳ ಬರುವವರೆಗೆ ಅದು ನಿಮ್ಮ ಮಾತು ಕೇಳುತ್ತದೆ. ಇದೊಂದೇ ಕಾರಣವಾಗಿದ್ದರೆ ನಾನು ಮ್ಯಾನುಯಲ್ ಎನ್ನುತ್ತಿರಲಿಲ್ಲ.

ಮ್ಯಾನುಯಲ್‌ನ ತೊಂದರೆಯನ್ನೂ ಹೇಳಬೇಕು. ಹಿಮ್ಮುರಿ ತಿರುವಿನಲ್ಲಿ ಎರಡನೇ ಗೇರಿನಲ್ಲೇ ಹೋದರೆ ಆರ್‌ಪಿಎಂ 1200ಕ್ಕೆ ಬೀಳುತ್ತದೆ. ಟರ್ಬೊ ಇನ್ನೂ ಎದ್ದಿರುವುದಿಲ್ಲ. ಆಕ್ಸಿಲರೇಟರ್ ಒತ್ತುತ್ತೀರಿ, ಕಾರು ಸುಮ್ನೆ ಇರುತ್ತದೆ. ಇನ್ನಷ್ಟು ಒತ್ತುತ್ತೀರಿ. ಆಗ ಇದ್ದಕ್ಕಿದ್ದಂತೆ ಎಲ್ಲ ಟಾರ್ಕ್ ಒಟ್ಟಿಗೆ ಬರುತ್ತದೆ. ರಸ್ತೆಯಲ್ಲಿ ಸಿಲ್ವರ್ ಓಕ್ ಎಲೆ ನೆನೆದು ಬಿದ್ದಿದ್ದರೆ ಮುಂದಿನ ಚಕ್ರ ಜಾರುತ್ತದೆ. ನಿಮ್ಮ ಹಳೆ ಕಾರಿನಲ್ಲಿ ಹೀಗಾಗುತ್ತಿರಲಿಲ್ಲ, ಅದಕ್ಕೆ ಇದನ್ನು ಮುಂಚೆಯೇ ತಿಳಿದಿರಿ. ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಿ, ತೀರಾ ಕಡಿದಾಗಿದ್ದರೆ ಮೊದಲನೇ ಗೇರಿಗೆ ಹಾಕಿ, ಕಾಲನ್ನು ಮೆಲ್ಲಗೆ ಒತ್ತುತ್ತಾ ಹೋಗಿ. ಒಂದು ವಾರದಲ್ಲಿ ಕಾಲಿಗೆ ಅಭ್ಯಾಸವಾಗುತ್ತದೆ. ಅಭ್ಯಾಸವಾದ ಮೇಲೆ ಸಿಗುವ ಖುಷಿ ಇದೆಯಲ್ಲ, ಬೆಳಿಗ್ಗೆ ಮಂಜು ಸರಿಯುತ್ತಿರುವಾಗ ಮೇಕೇರಿಯ ಏರಿನಲ್ಲಿ ಎರಡು, ಮೂರು, ಮತ್ತೆ ಎರಡು ಎಂದು ತಾನೇ ಗೇರು ಹಾಕುತ್ತಾ ಹೋಗುವುದು, ಅದಕ್ಕೇ ತಾನೇ ನೀವು ಇಷ್ಟು ವರ್ಷ ಸ್ಪೋರ್ಟಿ ಕಾರಿಗೆ ಆಸೆಪಟ್ಟದ್ದು? ಪತ್ರದಲ್ಲಿ ಈ ಆಸೆಯನ್ನು ಸ್ವಲ್ಪ ಸಂಕೋಚದಿಂದ ಬರೆದಿದ್ದೀರಿ. ಸಂಕೋಚ ಬೇಡ. ದುಡಿದ ದುಡ್ಡಿನಲ್ಲಿ ಇಷ್ಟದ ಕಾರು ತಗೊಳ್ಳಲು ಯಾರಿಗೂ ಕಾರಣ ಕೊಡಬೇಕಾಗಿಲ್ಲ.

ವಾರಾಂತ್ಯದ ಮಡಿಕೇರಿ ಟ್ರಾಫಿಕ್ ಎಂದು ಯಜಮಾನರು ಹೇಳುವುದು ನಿಜ. ಲಾಂಗ್ ವೀಕೆಂಡಿನಲ್ಲಿ, ದಸರಾ ಸಮಯದಲ್ಲಿ ರಾಜಾಸೀಟ್ ಕಡೆ ಕಾಲಿಡಲು ಜಾಗವಿರುವುದಿಲ್ಲ, ಎಡಗಾಲು ನೋಯುತ್ತದೆ. ಆದರೆ ನಿಮ್ಮ ಶಾಲೆಯ ದಿನಗಳು ಅವಲ್ಲ. ಮಂಡಿ ನೋವು ಇದೆ ಎಂದು ನೀವು ಬರೆದಿದ್ದರೆ ನನ್ನ ಉತ್ತರ ಖಂಡಿತ ಬದಲಾಗುತ್ತಿತ್ತು. ಹಾಗೇ, ನಿಮ್ಮ ಮನೆ ಮೇನ್ ರೋಡಿಗೆ ಅಂಟಿಕೊಂಡಿದ್ದರೂ ಬದಲಾಗುತ್ತಿತ್ತು. ಈ ಪತ್ರ ಓದುತ್ತಿರುವ ಗೋಣಿಕೊಪ್ಪದ ಪೇಟೆಯವರೋ ಕುಶಾಲನಗರದವರೋ ಧಾರಾಳವಾಗಿ ಡಿಎಸ್‌ಜಿ ನೋಡಬಹುದು.

ದುಡ್ಡಿನ ಲೆಕ್ಕ ಉದ್ದ ಮಾಡುವುದಿಲ್ಲ. ಎರಡರ ನಡುವೆ ಒಂದು ಲಕ್ಷಕ್ಕೂ ಜಾಸ್ತಿ ವ್ಯತ್ಯಾಸ ಇದೆ, ಕೊಟೇಶನ್ ನಿಮ್ಮ ಕೈಯಲ್ಲೇ ಇದೆ. ಉಳಿದದ್ದರಲ್ಲಿ ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿ. ಇನ್ನೂ ಉಳಿದರೆ ಗೇಟಿನ ಏರಿಗೆ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿ. ಯಾವ ಗೇರ್‌ಬಾಕ್ಸಿಗಾದರೂ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಕೊರಕಲಿನ ವಿಷಯದಲ್ಲಿ ಮಾತ್ರ ಎರಡೂ ಒಂದೇ, ಎಚ್ಚರ ಬೇಕು. ಖಾಲಿ ಕಾರಿಗೆ ನೆಲದಿಂದ 179 ಮಿಲಿಮೀಟರ್ ಎತ್ತರ ಇದೆ. ಸೆಡಾನ್‌ಗೆ ಅದು ಒಳ್ಳೆಯದೇ. ಆದರೆ ನಾಲ್ಕು ಜನ ಕೂತು ಡಿಕ್ಕಿ ತುಂಬಿದರೆ ಕೆಳಗೆ ಇಳಿಯುತ್ತದೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2,651 ಮಿಲಿಮೀಟರ್, ಉದ್ದದ ಕಾರು. ಏರಿನ ತುದಿಯಲ್ಲಿ ಗೇಟಿನ ಹತ್ತಿರ ದಿಬ್ಬ ಇದ್ದರೆ ಹೊಟ್ಟೆ ತಾಗುವುದು ಅಲ್ಲೇ. ಅದಕ್ಕೇ ಬುಕ್ಕಿಂಗ್ ದುಡ್ಡು ಕೊಡುವ ಮುಂಚೆ ಟೆಸ್ಟ್ ಡ್ರೈವ್ ಕಾರನ್ನು ಮನೆಗೇ ತರಿಸಿ. ದೂರ ಎನ್ನುತ್ತಾರೆ, ಬಿಡಬೇಡಿ, ಕೇಳಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಗೇಟು ಹತ್ತಿಸಿ, ಶೆಡ್ಡಿಗೆ ರಿವರ್ಸ್ ಹಾಕಿ. ಸಾಧ್ಯವಾದರೆ ಎರಡು ಗೇರಿನ ಕಾರನ್ನೂ ಹೀಗೆ ನೋಡಿ. ಯಜಮಾನರು ಪಕ್ಕದಲ್ಲಿರಲಿ.

ಕೊನೆಯ ಪ್ರಶ್ನೆಗೆ ಬರುತ್ತೇನೆ. ಕೈಲ್‌ಪೊಳ್ದ್ ಕಳೆದ ಮೇಲೆ ತಗೊಳ್ಳಿ. ಹೊಸ ಟೈರಿಗೆ ಮೊದಲ ಸುಮಾರು 500 ಕಿಲೋಮೀಟರ್ ಪೂರ್ತಿ ಹಿಡಿತ ಬಂದಿರುವುದಿಲ್ಲ, ಬ್ರೇಕ್ ಪ್ಯಾಡ್ ಕೂಡ ಹೊಂದಿಕೊಳ್ಳಲು ಸ್ವಲ್ಪ ಓಡಬೇಕು. ಎಂಜಿನ್ನನ್ನೂ ಮೊದಲ 1,500 ಕಿಲೋಮೀಟರ್ ಜೋರು ಮಾಡದೆ ಓಡಿಸಬೇಕು. ಇದೆಲ್ಲ ಜುಲೈ ಮಳೆಯಲ್ಲಿ, ಹೊಸ ಕಾರಿನ ಅಂದಾಜು ಇಲ್ಲದೆ, ಹೊಸ ಕ್ಲಚ್ ಹಿಡಿಯುವ ಜಾಗ ಗೊತ್ತಿಲ್ಲದೆ ಮಾಡುವುದು ಬೇಡ. ಸೆಪ್ಟೆಂಬರ್ ಕೊನೆಗೆ ತಗೊಂಡರೆ ದಿನಕ್ಕೆ ಐವತ್ತು ಕಿಲೋಮೀಟರ್ ಲೆಕ್ಕದಲ್ಲಿ ನವೆಂಬರ್ ಹೊತ್ತಿಗೆ ಎಲ್ಲ ಹೊಂದಿಕೊಂಡಿರುತ್ತದೆ. ಹಬ್ಬದ ಸೀಸನ್ನಿನ ರಿಯಾಯಿತಿ ಏನಾದರೂ ಇದ್ದರೆ ಅದೂ ಆಗಲೇ ಸಿಗುತ್ತದೆ. ಅಲ್ಲಿಯವರೆಗೆ ಹಳೆ ಕಾರಿನ ಟೈರು ನೋಡಿಸಿ. ಟೈರಿನ ಮೇಲಿನ ಗೀರುಗಳ ಆಳ 3 ಮಿಲಿಮೀಟರಿಗಿಂತ ಕಮ್ಮಿ ಇದ್ದರೆ, ಕೊಡುವ ಕಾರು ತಾನೇ ಎನ್ನದೆ, ಮಳೆಗೆ ಮುಂಚೆ ಬದಲಿಸಿ.

— ಸಂಪಾದಕ