ಆ ನಾಲ್ಕು ಸಾವಿರ ವಾಪಸ್ ಕೊಡಿ

ಬೆಳಗಾವಿಯ ಉದ್ಯಮಬಾಗ್‌ನಿಂದ ಯುವ ಮಾಲೀಕರೊಬ್ಬರು ಬರೆದಿದ್ದಾರೆ. ಅಪ್ಪ ಕಟ್ಟಿದ ಮಷಿನ್ ಶಾಪ್ ಮೂರು ವರ್ಷದಿಂದ ಇವರ ಕೈಯಲ್ಲಿದೆ. ಹೈಡ್ರಾಲಿಕ್ ಪಂಪಿನ ಬಿಡಿಭಾಗ ಮಾಡುತ್ತಾರೆ, ನಲವತ್ತು ಜನ ಕೆಲಸಕ್ಕಿದ್ದಾರೆ. ದೊಡ್ಡ ಗಿರಾಕಿಯೊಬ್ಬರು ವರ್ಷ ವರ್ಷ ರೇಟು ಇಳಿಸಿ ಅನ್ನುತ್ತಾರೆ. ಹೊಸ ದಾರಿ ಹುಡುಕದಿದ್ದರೆ ಉಳಿಗಾಲವಿಲ್ಲ ಅಂತ ಇವರು ಸಲಹೆ ಪೆಟ್ಟಿಗೆ ಇಟ್ಟರು. ಪುಣೆಯಿಂದ ಒಬ್ಬರನ್ನು ಕರೆಸಿ ಎರಡು ದಿನ ತರಬೇತಿ ಕೊಡಿಸಿದರು. ಪ್ರತಿ ಶನಿವಾರ ಐಡಿಯಾ ಮೀಟಿಂಗ್ ಶುರುಮಾಡಿದರು. ಮೀಟಿಂಗ್‌ನಲ್ಲಿ ಯಾರೂ ಬಾಯಿ ಬಿಡುವುದಿಲ್ಲವಂತೆ. ಪೆಟ್ಟಿಗೆಯಲ್ಲಿ ಎಂಟು ತಿಂಗಳಿಗೆ ಸಿಕ್ಕಿದ್ದು ಎರಡೇ ಚೀಟಿ. ಒಂದು, ಚಹಾ ನೀರುನೀರಾಗಿದೆ. ಇನ್ನೊಂದು, ಬಾತ್‌ರೂಮಿನ ನಲ್ಲಿ ಸೋರುತ್ತಿದೆ. “ಯೋಚನೆ ಮಾಡುವವರೇ ನಮ್ಮಲ್ಲಿಲ್ಲ ಮೇಡಂ. ಎಲ್ಲದಕ್ಕೂ ನಾನೊಬ್ಬನೇ ತಲೆ ಕೆಡಿಸಿಕೊಳ್ಳಬೇಕು. ಇವರಲ್ಲಿ ಹೊಸತನ ಬೆಳೆಸುವುದು ಹೇಗೆ?” ಅಂತ ಕೇಳಿದ್ದಾರೆ.

ನಿಮ್ಮ ಪತ್ರ ನಾಲ್ಕು ಪುಟ ಇದೆ. ಮೂರನೇ ಪುಟದಲ್ಲಿ ನೀವು ಸುಮ್ನೆ ಹೇಳಿ ಮುಂದೆ ಹೋದ ಒಂದು ಸಂಗತಿ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಎರಡು ವರ್ಷದ ಹಿಂದೆ ಒಬ್ಬ ಆಪರೇಟರ್, ಯಾರೂ ಹೇಳದೆ, ಜಾಬನ್ನು, ಅಂದರೆ ಮಷಿನ್ ಮೇಲೆ ತಯಾರಾಗುವ ಬಿಡಿಭಾಗವನ್ನು, ಅಲುಗದಂತೆ ಹಿಡಿಯಲು ತಾನೇ ಒಂದು ಸಾಧನ, ಫಿಕ್ಸ್ಚರ್, ಮಾಡಿದ. ಮೊದಲ ದಿನ ಒಂಬತ್ತು ಜಾಬ್ ರಿಜೆಕ್ಟ್ ಆದವು. ಲೆಕ್ಕ ನೋಡಿಕೊಳ್ಳುವ ನಿಮ್ಮ ಸೋದರಮಾವ ಅವನ ಪಗಾರದಲ್ಲಿ ನಾಲ್ಕು ಸಾವಿರ ಮುರಿದರು. ಆಮೇಲೆ ಅದೇ ಫಿಕ್ಸ್ಚರನ್ನು ಸ್ವಲ್ಪ ತಿದ್ದಿ ಇವತ್ತಿಗೂ ಬಳಸುತ್ತಿದ್ದೀರಿ. ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ಜಾಬ್ ಕೂರಿಸುವ ಸೆಟ್ಟಿಂಗ್ ಈಗ ಕಾಲು ಗಂಟೆಗೆ ಮುಗಿಯುತ್ತದೆ ಅಂತ ನೀವೇ ಬರೆದಿದ್ದೀರಿ. ಆ ಹುಡುಗ ಇನ್ನೂ ನಿಮ್ಮಲ್ಲೇ ಇದ್ದಾನೆ, “ಒಳ್ಳೆ ಕೆಲಸಗಾರ, ಆದರೆ ಮಾತು ಕಡಿಮೆ.”

ಯೋಚನೆ ಮಾಡುವವನು ನಿಮ್ಮಲ್ಲೇ ಇದ್ದ. ಅವನ ಯೋಚನೆಯಿಂದ ಎರಡು ವರ್ಷದಿಂದ ಲಾಭ ಆಗುತ್ತಿದೆ. ಅದರ ಖರ್ಚು ಮಾತ್ರ ಅವನ ಮನೆಯ ರೇಷನ್ನಿನಿಂದ ಬಂತು. ಉಳಿದವರೆಲ್ಲ ಅದನ್ನು ನೋಡಿದ್ದಾರೆ. ಇಷ್ಟಾದ ಮೇಲೂ ಅವರು ನಿಮ್ಮ ಮೀಟಿಂಗ್‌ನಲ್ಲಿ ಯಾಕೆ ಮಾತಾಡಬೇಕು, ಹೇಳಿ?

ಈ ಅಂಕಣ ಓದುವವರಿಗೆ ಗೊತ್ತು, ಮಾಲೀಕರ ಪತ್ರ ಬಂದಾಗಲೆಲ್ಲ ನಾನು ಕೇಳುವುದು ಪಗಾರದ ಚೀಟಿಯ ಬಗ್ಗೆಯೇ. ಜನ ನಂಬುವುದು ಅದನ್ನು. ತರಬೇತಿಯಲ್ಲಿ ಏನು ಹೇಳಿದರು, ಗೋಡೆ ಮೇಲೆ ಏನು ಬರೆಸಿದಿರಿ, ಅದೆಲ್ಲ ಆಮೇಲಿನದು.

ನಿಮ್ಮ ಮಾವನವರ ಬಗ್ಗೆ ನೀವು ಒಂದು ಕೆಟ್ಟ ಮಾತೂ ಬರೆದಿಲ್ಲ. ನಾನು ಬರೆಯುತ್ತೇನೆ. ಅವರು ಮಾಡಿದ್ದು ತಪ್ಪು, ಕಾನೂನಿನ ಪ್ರಕಾರವೂ ತಪ್ಪು. ವೇತನ ಪಾವತಿಗೆ ನಮ್ಮಲ್ಲಿ 1936ರಲ್ಲೇ ಕಾಯ್ದೆ ಬಂದಿತ್ತು, ಈಗ ಅದು ವೇತನ ಸಂಹಿತೆಯಲ್ಲಿ ಸೇರಿದೆ. ಕೆಲಸಗಾರನ ನಿರ್ಲಕ್ಷ್ಯದಿಂದಲೇ ಮಾಲು ಹಾಳಾಗಿರಬೇಕು, ಅವನ ಮಾತನ್ನೂ ಕೇಳಿರಬೇಕು, ಆಮೇಲಷ್ಟೇ ನಷ್ಟದ ಹಣ ಹಿಡಿಯಬಹುದು. ಕೆಲಸ ಬೇಗ ಆಗಲಿ ಅಂತ ಫಿಕ್ಸ್ಚರ್ ಮಾಡುವುದು ಯಾವ ನಿರ್ಲಕ್ಷ್ಯ? ಅವನನ್ನು ಯಾರಾದರೂ ಕೂರಿಸಿಕೊಂಡು ಕೇಳಿದರಾ? ಮನೆಯ ಹಿರಿಯರ ಕೈಗೆ ಲೆಕ್ಕ ಕೊಟ್ಟು ಎದುರು ಮಾತಾಡದೆ ಕೂರುವ ಮಾಲೀಕರ ಪತ್ರಗಳು ನನಗೆ ತುಂಬಾ ಬರುತ್ತವೆ. ಆಗ ಶಾಪಿನ ಮಾಲೀಕರು ನೀವೇ ಆಗಿದ್ದಿರಿ ಅನ್ನುವುದನ್ನೂ ಮರೆಯಬೇಡಿ.

ಪುಣೆಯವರು ಟೊಯೋಟಾದ ಉದಾಹರಣೆ ಕೊಟ್ಟರಂತೆ. ಒಳ್ಳೆಯದೇ. ಅಲ್ಲಿ 1951ರಿಂದ ಕೆಲಸಗಾರರ ಸಲಹೆ ಪದ್ಧತಿ ಇದೆ, ನಿಜ. ಅದರ ಜೊತೆಗೆ ಇನ್ನೊಂದಿದೆ. ಕಾರು ಜೋಡಿಸುವ ಲೈನಿನಲ್ಲಿ ಏನೋ ಎಡವಟ್ಟು ಕಂಡರೆ ಕೆಲಸಗಾರ ಹಗ್ಗ ಎಳೆಯಬಹುದು. ತಕ್ಷಣ ಮೇಲಿನವರು ಓಡಿ ಬರುತ್ತಾರೆ. ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಲೈನ್ ನಿಂತರೆ ಎಷ್ಟು ನಷ್ಟ ಅಂತ ನಿಮಗೆ ನಾನು ಹೇಳಬೇಕಿಲ್ಲ. ಹಗ್ಗ ಎಳೆದವನ ಪಗಾರ ಮುರಿದಿದ್ದರೆ ಇನ್ನೊಬ್ಬ ಅದನ್ನು ಮುಟ್ಟುತ್ತಿದ್ದನಾ?

ಇನ್ನೊಂದು ಮಾತು. ಈ ಎರಡು ವರ್ಷದಲ್ಲಿ ರಿಜೆಕ್ಷನ್ ಕಡಿಮೆಯಾಗಿದೆ ಅಂತ ಖುಷಿಯಿಂದ ಬರೆದಿದ್ದೀರಿ. ನನಗೆ ಅದೇ ಭಯ ಹುಟ್ಟಿಸಿತು. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಅಲ್ಲಿನ ನರ್ಸ್‌ಗಳು ಹೆದರದೆ ಹೇಳಿಕೊಳ್ಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು. ನಿಮ್ಮ ರಿಜೆಕ್ಷನ್ ರಿಜಿಸ್ಟರನ್ನೂ ಸ್ಕ್ರ್ಯಾಪ್ ಮಾರಿದ ತೂಕದ ಚೀಟಿಗಳನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ನೋಡಿ. ಎರಡೂ ತಾಳೆಯಾದರೆ ಸಂತೋಷ.

ಆ ಎರಡು ಚೀಟಿಗಳ ಬಗ್ಗೆ ನೀವು ಬೇಸರ ಪಟ್ಟಿದ್ದೀರಿ. ನನಗಂತೂ ಆ ಇಬ್ಬರ ಮೇಲೆ ಪ್ರೀತಿ ಬಂತು. ಇಷ್ಟೆಲ್ಲ ಆದ ಮೇಲೂ ಇಬ್ಬರು ಪೆನ್ನು ಹಿಡಿದಿದ್ದಾರೆ. ಇವರು ಕೇಳುತ್ತಾರಾ ಅಂತ ಚಿಕ್ಕ ವಿಷಯದಲ್ಲಿ ನೋಡುತ್ತಿದ್ದಾರೆ ಅಷ್ಟೇ. ನಲ್ಲಿ ರಿಪೇರಿ ಆಯಿತಾ? ನಾಲ್ಕು ಪುಟದಲ್ಲಿ ಎಲ್ಲೂ ಬರೆದಿಲ್ಲ. ನಾಳೆಯೇ ಪ್ಲಂಬರ್‌ಗೆ ಹೇಳಿ.

ನೀವು ಹತ್ತು ಸೂತ್ರ ಕೇಳಿದ್ದೀರಿ. ನಾನು ಒಂದೇ ಕೆಲಸ ಹೇಳುತ್ತೇನೆ. ಬರುವ ಪಗಾರದ ದಿನ, ಎರಡೂ ಶಿಫ್ಟಿನವರು ಇರುವ ಹೊತ್ತಿಗೆ, ಆ ಹುಡುಗನಿಗೆ ನಾಲ್ಕು ಸಾವಿರ ವಾಪಸ್ ಕೊಡಿ. ಕೋಣೆಗೆ ಕರೆದು ಕವರಿನಲ್ಲಿ ಕೊಡುವುದಲ್ಲ, ಎಲ್ಲರೆದುರು. “ಹಣ ಮುರಿದದ್ದು ನಮ್ಮ ತಪ್ಪು, ಈ ಫಿಕ್ಸ್ಚರ್ ಇವನದು” ಅಂತ ನೀವೇ, ನಿಮ್ಮ ಬಾಯಿಂದಲೇ ಹೇಳಿ. ಡ್ರಾಯಿಂಗ್‌ನಲ್ಲಿ ಅವನ ಹೆಸರು ಬರೆಸಿ. ಬೋನಸ್ಸಿನ ಮಾತು ಇದರ ಜೊತೆ ಸೇರಿಸಬೇಡಿ, ಅದು ಬೇರೆ ಲೆಕ್ಕ, ಅದನ್ನೂ ಕೊಡಬೇಕು. ಮಾವನವರಿಗೆ ಹಿಂದಿನ ದಿನವೇ ತಿಳಿಸಿ. ಒಪ್ಪಿಗೆ ಕೇಳಬೇಡಿ. ಇನ್ನು ಮುಂದೆ ನಿಮ್ಮ ಸಹಿ ಇಲ್ಲದೆ ಯಾರ ಪಗಾರದಲ್ಲೂ ಒಂದು ರೂಪಾಯಿ ಮುರಿಯುವ ಹಾಗಿಲ್ಲ ಅಂತ ಅವತ್ತೇ ಹೇಳಿ.

ಅಲ್ಲಿಯವರೆಗೆ ಶನಿವಾರದ ಮೀಟಿಂಗ್ ನಿಲ್ಲಿಸಿ. ಆ ಹೊತ್ತಿನಲ್ಲಿ ಎರಡನೇ ಶಿಫ್ಟಿಗೆ ಹೋಗಿ ಅವನ ಮಷಿನ್ ಪಕ್ಕ ನಿಂತು, ಈ ಫಿಕ್ಸ್ಚರಿನಲ್ಲಿ ಇನ್ನೂ ಏನು ತೊಂದರೆ ಇದೆ ಅಂತ ಕೇಳಿ. ಮೊದಲ ಸಲ ಏನೂ ಇಲ್ಲ ಸರ್ ಅನ್ನುತ್ತಾನೆ. ಮುಂದಿನ ವಾರ ಮತ್ತೆ ಹೋಗಿ.