ಕ್ಯಾಂಪಸ್ ಒಳಗೆ ಪೊಲೀಸ್: ಕರೆದದ್ದು ಯಾರು, ಬರೆದದ್ದು ಏನು?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ವಿಶ್ವವಿದ್ಯಾಲಯದಲ್ಲಿ ಪ್ರತಿಭಟನೆ, ಆಮೇಲೆ ಪೊಲೀಸ್ ವ್ಯಾನು. ಬರೆದವರ ಹೆಸರು, ವಿಶ್ವವಿದ್ಯಾಲಯದ ಹೆಸರು ಎರಡನ್ನೂ ಬಿಟ್ಟಿದ್ದೇವೆ. ಉತ್ತರ ಕೊಟ್ಟವರು ಕ್ರಿಮಿನಲ್ ಕೇಸು ನಡೆಸುವ ವಕೀಲರು.

ಹಾಸ್ಟೆಲ್‌ನಲ್ಲಿ ನೀರಿಲ್ಲ ಎಂದು ಆಡಳಿತ ಕಚೇರಿ ಮುಂದೆ ಧರಣಿ ಕೂತಿದ್ದೆವು. ಸಂಜೆ ಪೊಲೀಸರು ಒಳಗೆ ಬಂದು ನಲವತ್ತು ಜನರನ್ನು ಎತ್ತಿ ಬಸ್ಸಿಗೆ ತುಂಬಿದರು. ಒಂದು ಮೈದಾನದಲ್ಲಿ ಕೂರಿಸಿ, ರಾತ್ರಿ ಹತ್ತಕ್ಕೆ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಕುಲಪತಿಗಳ ಅನುಮತಿ ಇಲ್ಲದೆ ಪೊಲೀಸರು ಕ್ಯಾಂಪಸ್ ಒಳಗೆ ಬರಬಹುದಾ? — ಎಂ.ಎ. ವಿದ್ಯಾರ್ಥಿ

ಬರಬಹುದು. ಕೇಳಲು ಬೇಜಾರಾಗುತ್ತದೆ, ಆದರೆ ಇದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಕುಲಪತಿಗಳು ಕರೆಯದೆ ಪೊಲೀಸರು ಗೇಟು ದಾಟಬಾರದು ಎನ್ನುವುದು ರೂಢಿ, ಕಾನೂನಲ್ಲ. ಒಳಗೆ ಅಪರಾಧ ನಡೆಯುತ್ತಿದೆ ಎಂದು ಅವರಿಗೆ ಮಾಹಿತಿ ಬಂದರೆ ವಿಶ್ವವಿದ್ಯಾಲಯವೂ ಒಂದೇ, ಮಾರ್ಕೆಟ್ಟೂ ಒಂದೇ.

ಹಾಗಂತ ರೂಢಿಗೆ ಬೆಲೆಯಿಲ್ಲ ಎಂದಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತಾದ ಜಾದವಪುರ ವಿಶ್ವವಿದ್ಯಾಲಯದಲ್ಲಿ ನಡೆದದ್ದನ್ನು ನೋಡಿ. ಒಬ್ಬ ವಿದ್ಯಾರ್ಥಿನಿಗೆ ಕಿರುಕುಳ ಕೊಟ್ಟ ದೂರಿನ ಬಗ್ಗೆ ಸರಿಯಾದ ತನಿಖೆ ಮಾಡಿ ಎಂದು ವಿದ್ಯಾರ್ಥಿಗಳು ಕುಲಪತಿಗಳಿಗೆ ಘೇರಾವ್ ಹಾಕಿದ್ದರು. ಕುಲಪತಿಗಳು ಪೊಲೀಸರನ್ನು ಕರೆಸಿದರು. 16ರ ರಾತ್ರಿ ಕಳೆದು 17 ಬೆಳಗಾಗುವ ಮೊದಲೇ ವಿದ್ಯಾರ್ಥಿಗಳನ್ನು ಎಳೆದು ಹಾಕಿದ್ದರು. ಪೊಲೀಸರು ಒಳಗೆ ಬಂದದ್ದು ಕಾನೂನುಬದ್ಧವೋ ಅಲ್ಲವೋ ಎಂಬ ಚರ್ಚೆ ಬೇಗ ಹಿಂದೆ ಬಿತ್ತು. ಕರೆಸಿದ್ದು ಯಾರು ಎಂಬುದೇ ಮುಂದೆ ಬಂತು. 2015ರ ಜನವರಿಯಲ್ಲಿ ಆ ಕುಲಪತಿ ರಾಜೀನಾಮೆ ಕೊಡಬೇಕಾಯಿತು.

ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ 2019ರ ಡಿಸೆಂಬರ್ 15ರಂದು ಇದರ ತಿರುಗುಮುರುಗು. ನಾವು ಅನುಮತಿಯನ್ನೇ ಕೊಟ್ಟಿರಲಿಲ್ಲ ಎಂದು ವಿಶ್ವವಿದ್ಯಾಲಯ ಹೇಳಿತು. ಹೊರಗೆ ಕಲ್ಲು ತೂರಿದವರನ್ನು ಬೆನ್ನಟ್ಟಿ ಒಳಗೆ ಬಂದೆವು ಎಂದರು ಪೊಲೀಸರು. ಓದುವ ಕೋಣೆಯಲ್ಲಿ ಲಾಠಿ ಬೀಸುವ ವಿಡಿಯೊ ಹೊರಬಂದದ್ದು ಎರಡು ತಿಂಗಳ ನಂತರ.

ಹಾಗಾಗಿ ನಿಮ್ಮ ಮೊದಲ ಕೆಲಸ ಪೊಲೀಸರ ಮೇಲೆ ದೂರು ಕೊಡುವುದಲ್ಲ. ಒಂದು ಕಾಗದ ಹುಡುಕುವುದು. ಪೊಲೀಸರು ಬಂದಿದ್ದಾರೆ ಎಂದರೆ ಸಾಮಾನ್ಯವಾಗಿ ಕುಲಸಚಿವರ ಕಚೇರಿಯಿಂದ ಠಾಣೆಗೆ ಒಂದು ಪತ್ರ ಹೋಗಿರುತ್ತದೆ. ‘ಬಂದೋಬಸ್ತ್ ಒದಗಿಸಲು ಕೋರಿ’ ಎಂಬ ಎರಡು ಸಾಲಿನದ್ದೂ ಇರಬಹುದು, ‘ವಿದ್ಯಾರ್ಥಿಗಳು ಕಚೇರಿಗೆ ನುಗ್ಗಿ ಆಸ್ತಿಗೆ ಹಾನಿ ಮಾಡಿದ್ದಾರೆ’ ಎಂಬುದೂ ಇರಬಹುದು. ಎರಡಕ್ಕೂ ಬಹಳ ವ್ಯತ್ಯಾಸ ಇದೆ ಅಲ್ವಾ? ಹತ್ತು ರೂಪಾಯಿ ಶುಲ್ಕ ಕಟ್ಟಿ ವಿಶ್ವವಿದ್ಯಾಲಯಕ್ಕೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಪತ್ರದ ನಕಲು, ಕಳಿಸಿದ ದಿನಾಂಕ, ಸಮಯ ಕೇಳಿ. ಠಾಣೆಗೆ ಅರ್ಜಿ ಹಾಕಿದರೆ ತನಿಖೆ ನಡೆಯುತ್ತಿದೆ ಎಂದು ತಳ್ಳಿಬಿಡಬಹುದು. ವಿಶ್ವವಿದ್ಯಾಲಯಕ್ಕೆ ಆ ನೆಪ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಇನ್ನು ಮೈದಾನದ ವಿಷಯ. ಅದಕ್ಕೆ ಪೊಲೀಸರು ಹೇಳುವ ಹೆಸರು ‘ಮುನ್ನೆಚ್ಚರಿಕೆಯ ವಶ’. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 170ನೇ ಕಲಂ ಹಳೆಯ 151ರ ಜಾಗದ್ದು. ವಾರಂಟಿಲ್ಲದೆ ಬಂಧಿಸಬಹುದಾದಂಥ ಅಪರಾಧ ನಡೆಯಲಿದೆ, ಬೇರೆ ದಾರಿಯಲ್ಲಿ ತಡೆಯಲಾಗದು ಎನಿಸಿದಾಗ ಮಾತ್ರ ಹೀಗೆ ಹಿಡಿಯಬೇಕು. 172 ಹೊಸದು. ಪೊಲೀಸರ ಕಾನೂನುಬದ್ಧ ಸೂಚನೆ ಪಾಲಿಸದವರನ್ನು ಅಲ್ಲಿಂದ ಎತ್ತಿ ಕರೆದೊಯ್ಯಬಹುದು, ಸಣ್ಣ ಪ್ರಕರಣವಾದರೆ 24 ಗಂಟೆಯೊಳಗೆ ಬಿಟ್ಟುಬಿಡಬಹುದು. ನನ್ನನ್ನು ಕೇಳಿದರೆ, ಶಾಂತವಾಗಿ ಕೂತವರಿಗೆ ಜಾಸ್ತಿ ತೊಂದರೆ ಕೊಡುವುದು ಈ ಎರಡನೆಯದೇ. ಅದರ ಬಾಯಿ ಬಹಳ ಅಗಲ.

ಮುಚ್ಚಳಿಕೆಯಲ್ಲಿ ಏನು ಬರೆದಿತ್ತು? ಇದನ್ನು ನೀವು ಪತ್ರದಲ್ಲಿ ಹೇಳಿಲ್ಲ. ಬಹುಶಃ ಓದಿಲ್ಲ. ನಾನು ನೋಡಿದ ಹೆಚ್ಚಿನವು ಒಂದೇ ಅಚ್ಚಿನವು: ‘ನಾನು ಕಾನೂನುಬಾಹಿರ ಗುಂಪು ಸೇರಿದ್ದು ನಿಜ, ಇನ್ನು ಮುಂದೆ ಇಂಥದ್ದರಲ್ಲಿ ಭಾಗವಹಿಸುವುದಿಲ್ಲ.’ ಬಸ್ಸಿಗೆ ಲೇಟಾಯಿತು, ಹಾಸ್ಟೆಲ್ ಗೇಟು ಹಾಕಿಬಿಡುತ್ತಾರೆ ಎಂದು ನಲವತ್ತೂ ಜನ ಸಾಲಾಗಿ ಸಹಿ ಹಾಕುತ್ತಾರೆ. ಆಮೇಲೆ ಅದೇ ಹಾಳೆಯ ನಕಲು ವಿಶ್ವವಿದ್ಯಾಲಯದ ಶಿಸ್ತು ಸಮಿತಿಯ ಮೇಜಿನ ಮೇಲೆ ಕಾಣಿಸಿಕೊಳ್ಳುತ್ತದೆ. ಶಾಂತಿ ಕಾಪಾಡುತ್ತೇನೆ ಎಂಬ ಬಾಂಡನ್ನು ಕಾನೂನು ಪ್ರಕಾರ ಬರೆಸಿಕೊಳ್ಳಬೇಕಾದವರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು, ಅದೂ ನೋಟಿಸ್ ಕೊಟ್ಟು. ಠಾಣೆಯ ಹಾಳೆಗೆ ಆ ಬಲ ಇಲ್ಲ. ಸಹಿ ಹಾಕಲೇಬೇಕಾಗಿ ಬಂದರೆ ಮೊದಲ ಸಾಲು ಹೊಡೆದು ಹಾಕಿಸಿ, ಸಹಿಯ ಕೆಳಗೆ ದಿನಾಂಕ, ಗಂಟೆ ಬರೆಯಿರಿ. ಖಾಲಿ ಹಾಳೆಗೆ ಮಾತ್ರ ಸಹಿ ಬೇಡ.

ಊರಲ್ಲಿ 144 ಹಾಕಿದ್ದರು. ಕ್ಯಾಂಪಸ್ ಒಳಗೆ ಕೂತರೂ ಅಪರಾಧವಾ? — ಕಾನೂನು ವಿದ್ಯಾರ್ಥಿನಿ

ಗುಂಪು ಸೇರದಂತೆ ತಡೆಯುವ ಆ ಆದೇಶ ಈಗ ನಾಗರಿಕ ಸುರಕ್ಷಾ ಸಂಹಿತೆಯ 163. ಬಾಯಲ್ಲಿ ಮಾತ್ರ ಇನ್ನೂ 144, ನಮ್ಮ ಕೋರ್ಟಿನಲ್ಲೂ ಹಾಗೇ ಅನ್ನುತ್ತೇವೆ.

ಆದೇಶದ ಪ್ರತಿ ತರಿಸಿಕೊಂಡು ಓದಿ. ಯಾವ ಜಾಗ, ಎಷ್ಟು ದಿನ, ಏನು ನಿಷೇಧ ಎಲ್ಲ ಅದರಲ್ಲಿ ಇರಲೇಬೇಕು. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದದ ಹೊತ್ತಿಗೆ ಬೆಂಗಳೂರು ಪೊಲೀಸರು ಎರಡು ವಾರದ ಆದೇಶ ಹೊರಡಿಸಿದ್ದರು. ಶಾಲೆ ಕಾಲೇಜುಗಳ ಗೇಟಿನಿಂದ 200 ಮೀಟರ್ ಒಳಗೆ ಗುಂಪು ಸೇರುವಂತಿಲ್ಲ, ಪ್ರತಿಭಟನೆ ಮಾಡುವಂತಿಲ್ಲ ಎಂದು ಅದರಲ್ಲಿತ್ತು. ಅಂಥದ್ದಿದ್ದರೆ ಗೇಟಿನ ಹತ್ತಿರ ಕೂತರೂ ತೊಂದರೆ. ಬರೀ ರಸ್ತೆ, ವೃತ್ತ, ಮೆರವಣಿಗೆ ಎಂದಿದ್ದರೆ ಒಳಗೆ ಕೂತ ನಿಮ್ಮ ಪರವಾಗಿ ವಾದಿಸಲು ಜಾಗ ಇದೆ.

2019ರ ಡಿಸೆಂಬರ್ ನೆನಪಿರಬಹುದು. ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆ ತಡೆಯಲು 19ರ ಬೆಳಗ್ಗೆಯಿಂದ ಮೂರು ದಿನ ಇಡೀ ಬೆಂಗಳೂರಿಗೆ 144 ಹಾಕಿದರು. ಟೌನ್ ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಎಳೆದೊಯ್ದರು. ಆ ಆದೇಶವೇ ಕಾನೂನುಬಾಹಿರ ಎಂದು ಹೈಕೋರ್ಟ್ 2020ರ ಫೆಬ್ರವರಿ 13ರಂದು ಹೇಳಿತು. ಇಂಥ ಆದೇಶಕ್ಕೆ ಕಾರಣ ಬರೆಯಬೇಕು, ಬೇರೆ ಅಭಿಪ್ರಾಯ ಹೇಳುವವರ ಬಾಯಿ ಮುಚ್ಚಿಸಲು ಇದನ್ನು ಬಳಸಬಾರದು ಎಂದು ಸುಪ್ರೀಂ ಕೋರ್ಟ್ ಅದೇ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿತ್ತು. ಹೈಕೋರ್ಟ್ ತೀರ್ಪೇನೋ ಒಳ್ಳೆಯದು. ಆದರೆ ಬರುವಷ್ಟರಲ್ಲಿ ಆ ಮೂರು ದಿನ ಮುಗಿದು ಹತ್ತಿರ ಹತ್ತಿರ ಎರಡು ತಿಂಗಳಾಗಿತ್ತು.

ಒಂದು ಸಣ್ಣ ಗುಟ್ಟು. ಆದೇಶ ಮೀರಿದ್ದಕ್ಕೆ ಹಾಕುವ ಕೇಸು ಭಾರತೀಯ ನ್ಯಾಯ ಸಂಹಿತೆಯ 223, ಅಂದರೆ ಹಳೆಯ 188. ಇದರಲ್ಲಿ ಬರೀ ಎಫ್‌ಐಆರ್, ಚಾರ್ಜ್‌ಶೀಟ್ ಸಾಲದು. ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಿನವರು ನ್ಯಾಯಾಲಯಕ್ಕೆ ಲಿಖಿತ ದೂರು ಕೊಟ್ಟರೆ ಮಾತ್ರ ನ್ಯಾಯಾಧೀಶರು ಕೇಸು ಕೈಗೆತ್ತಿಕೊಳ್ಳಬಹುದು. ಇದೊಂದು ಹೆಜ್ಜೆ ತಪ್ಪಿ ಬಿದ್ದುಹೋದ ಕೇಸುಗಳು ಬಹಳ.

ಬೆಂಗಳೂರಿನವರಿಗೆ ಮಾತ್ರ ಒಂದು ಮಾತು. 2021ರ ಪೊಲೀಸ್ ಆದೇಶದ ಪ್ರಕಾರ ನಗರದಲ್ಲಿ ಪ್ರತಿಭಟನೆಗೆ ಇರುವ ಜಾಗ ಫ್ರೀಡಂ ಪಾರ್ಕ್. ಘೋಷಣೆ ಕೂಗುತ್ತಾ ಕ್ಯಾಂಪಸ್ ಗೇಟು ದಾಟಿ ರಸ್ತೆಗೆ ಇಳಿದ ಕ್ಷಣ ನಿಮ್ಮ ಲೆಕ್ಕವೇ ಬೇರೆ.

ನನ್ನ ಮಗನ ಹೆಸರು ಎಫ್‌ಐಆರ್‌ನಲ್ಲಿದೆಯಂತೆ. ಎಂಜಿನಿಯರಿಂಗ್ ಕೊನೆಯ ವರ್ಷ. ಇನ್ನು ಪಾಸ್‌ಪೋರ್ಟ್ ಸಿಗಲ್ಲ, ಸರ್ಕಾರಿ ಕೆಲಸ ಸಿಗಲ್ಲ ಅಂತ ನೆಂಟರೆಲ್ಲ ಹೆದರಿಸುತ್ತಿದ್ದಾರೆ. — ಒಬ್ಬ ತಾಯಿ

ಅಮ್ಮಾ, ಮೊದಲು ‘ಇದೆಯಂತೆ’ ಬಿಟ್ಟು ಎಫ್‌ಐಆರ್ ಪ್ರತಿ ತೆಗೆಸಿ. ಸೂಕ್ಷ್ಮ ಪ್ರಕರಣ ಅಲ್ಲದಿದ್ದರೆ ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲೇ ಸಿಗಬೇಕು. ಎಷ್ಟೋ ಸಲ ‘ಇಂತಿಂಥ ನಾಲ್ವರು ಮತ್ತು ಇತರ 50 ಜನ’ ಎಂದಿರುತ್ತದೆ. ನಿಮ್ಮ ಮಗ ನಾಲ್ವರಲ್ಲಿ ಒಬ್ಬನೋ, ಐವತ್ತರಲ್ಲಿ ಒಬ್ಬನೋ ನೋಡಬೇಕು.

ಏಳು ವರ್ಷದವರೆಗಿನ ಶಿಕ್ಷೆಯ ಕಲಂಗಳೇ ಆಗಿದ್ದರೆ ಬಂಧನ ತಾನಾಗಿ ಆಗುವುದಿಲ್ಲ. ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲೇ ಇದನ್ನು ಖಡಕ್ಕಾಗಿ ಹೇಳಿದೆ. ಠಾಣೆಗೆ ಹಾಜರಾಗಿ ಎಂದು ನಾಗರಿಕ ಸುರಕ್ಷಾ ಸಂಹಿತೆಯ 35(3) ಕಲಂ ಅಡಿ ನೋಟಿಸ್ ಬರುತ್ತದೆ. ಬಂದರೆ ಹೇಳಿದ ದಿನ ಹೋಗಲಿ, ತಪ್ಪಿಸಬಾರದು. ತಪ್ಪಿಸಿದರೆ ಬಂಧಿಸಲು ನಾವೇ ಕಾರಣ ಕೊಟ್ಟಂತೆ.

ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಹೇಳುವುದು ನ್ಯಾಯಾಲಯದಲ್ಲಿ ಬಾಕಿ ಇರುವ ಪ್ರಕರಣದ ಬಗ್ಗೆ. ಬರೀ ಎಫ್‌ಐಆರ್ ಅದಕ್ಕೆ ಬರುವುದಿಲ್ಲ ಎಂದು ವಿದೇಶಾಂಗ ಇಲಾಖೆಯೇ 2019ರ ಅಕ್ಟೋಬರ್‌ನಲ್ಲಿ ತಿಳಿಸಿದೆ. ಚಾರ್ಜ್‌ಶೀಟ್ ಆಗಿ ಕೋರ್ಟು ಅದನ್ನು ಸ್ವೀಕರಿಸಿದ ಮೇಲೆ ಅದೇ ಕೋರ್ಟಿನ ಅನುಮತಿ ಬೇಕಾಗುತ್ತದೆ. ಕೇಳಿದರೆ ಕೊಡುತ್ತಾರೆ, ಎಷ್ಟೋ ಜನರಿಗೆ ಕೊಡಿಸಿದ್ದೇನೆ.

ಸರ್ಕಾರಿ ಕೆಲಸದಲ್ಲಿ ಹೆಚ್ಚಿನವರು ಮುಗ್ಗರಿಸುವುದು ಕೇಸಿನಿಂದಲ್ಲ, ಕೇಸು ಮುಚ್ಚಿಟ್ಟದ್ದರಿಂದ. ಫಾರಂನಲ್ಲಿ ‘ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಇದೆಯೇ’ ಎಂದು ಕೇಳಿದರೆ ಇದ್ದದ್ದು ಇದ್ದ ಹಾಗೆ ಬರೆಯಲಿ. ನಿಜ ಬರೆದರೂ ನೇಮಿಸಿಕೊಳ್ಳುವವರಿಗೆ ಬೇಡ ಎನ್ನುವ ಅಧಿಕಾರ ಇರುತ್ತದೆ. ಆದರೆ ಹರೆಯದಲ್ಲಿ ಘೋಷಣೆ ಕೂಗಿದಂಥ ಸಣ್ಣ ವಿಷಯವನ್ನು ದೊಡ್ಡದು ಮಾಡಬೇಕಿಲ್ಲ ಎಂಬ ಧಾಟಿಯಲ್ಲಿ ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಹೇಳಿದೆ. ನೆಂಟರಿಗೆ ಇದನ್ನೇ ಓದಿ ಹೇಳಿ.

ಲಾಠಿ ಏಟಿಗೆ ಮುಂಗೈ ಊದಿಕೊಂಡಿತ್ತು. ಈಗ ಮೂರು ವಾರ ಆಯಿತು. ದೂರು ಕೊಡಬಹುದಾ? — ಸಂಶೋಧನಾ ವಿದ್ಯಾರ್ಥಿ

ಕೊಡಬಹುದು. ನನ್ನ ಪ್ರಶ್ನೆ ಒಂದೇ: ಅವತ್ತು ಡಾಕ್ಟರಿಗೆ ಏನು ಹೇಳಿದಿರಿ?

ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಬಂದಿದ್ದ. ಬೆನ್ನ ಮೇಲೆ ಎರಡು ಬಾಸುಂಡೆ, ಅಕ್ಕಪಕ್ಕ ಗೆರೆ ಎಳೆದ ಹಾಗೆ. ಯಾರು ನೋಡಿದರೂ ಲಾಠಿ ಎನ್ನಬೇಕು. ಆದರೆ ಆಸ್ಪತ್ರೆ ಚೀಟಿಯಲ್ಲಿ ‘ಬೈಕಿನಿಂದ ಬಿದ್ದದ್ದು’ ಎಂದಿತ್ತು. ಪೊಲೀಸ್ ಹೆಸರು ಹೇಳಿದರೆ ಇನ್ನೊಂದು ಕೇಸು ಬೀಳುತ್ತದೆ ಎಂದು ಸ್ನೇಹಿತರು ಹೆದರಿಸಿದ್ದರಂತೆ. ಆ ಎರಡು ಪದಗಳನ್ನು ಅಳಿಸಲು ನನ್ನಿಂದ ಆಗಲಿಲ್ಲ.

ನೀವು ನಿಜ ಹೇಳಿದ್ದರೆ ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಕಾನೂನು ಪ್ರಕರಣದ ಗಾಯ ಎಂಬ ದಾಖಲೆ, ಆಗಿರಬೇಕು. ಗಾಯದ ಪ್ರಮಾಣಪತ್ರ ಕೇಳಿ ಪಡೆಯಿರಿ. ಸುಳ್ಳು ಹೇಳಿದ್ದರೆ ಫೋಟೊ, ಸ್ನೇಹಿತರಿಗೆ ಅವತ್ತೇ ಕಳಿಸಿದ ಮೆಸೇಜು, ಎಕ್ಸ್‌ರೇ ಏನಿದೆಯೋ ಎಲ್ಲ ಒಟ್ಟು ಮಾಡಿ. ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕೆ ಬರೆಯಬಹುದು. ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು, ಅಲ್ಲಿ ಒಂದು ವರ್ಷದ ಗಡುವಿದೆ. ನೇರವಾಗಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುವ ದಾರಿ ಕಷ್ಟದ್ದು. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಅಧಿಕಾರಿಗಳಿಗೆ ಗುರಾಣಿ. ಕರ್ತವ್ಯದ ನೆಪದಲ್ಲಿ ಸ್ವಲ್ಪ ಮಿತಿ ಮೀರಿದ್ದರೂ ಸರ್ಕಾರದ ಪೂರ್ವಾನುಮತಿ ಬೇಕು ಎಂದು ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಈ ರಕ್ಷಣೆ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ.

ದೂರಿನಲ್ಲಿ ಒಂದು ಸಾಲು ಮರೆಯಬೇಡಿ: ಹೊಡೆಯುವ ಮೊದಲು ಚದುರಿ ಎಂದು ಆದೇಶ ಕೊಟ್ಟರೋ ಇಲ್ಲವೋ? ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಂ ಪ್ರಕಾರ ಮೊದಲು ಆದೇಶ, ಅದಕ್ಕೆ ಬಗ್ಗದಿದ್ದರೆ ಬಲ. ಮೈಕಿನಲ್ಲಿ ಹೇಳಿದರು, ಅರ್ಧ ನಿಮಿಷಕ್ಕೇ ಹೊಡೆದರು ಎಂದಾದರೆ ಅದನ್ನೂ ಹಾಗೆಯೇ ಬರೆಯಿರಿ.

ರಾತ್ರಿ ಹೊತ್ತು ಹುಡುಗಿಯರನ್ನು ಬಂಧಿಸಬಹುದಾ? — ಬಿ.ಎಸ್ಸಿ. ವಿದ್ಯಾರ್ಥಿನಿ

ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸಬಾರದು. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಾಡಬೇಕು. ‘ಇದು ಬಂಧನ ಅಲ್ಲ, ಸುಮ್ನೆ ಕರ್ಕೊಂಡು ಹೋಗ್ತಿದ್ದೀವಿ’ ಎಂದರೆ ಎಲ್ಲಿಗೆ, ಯಾಕೆ ಎಂದು ಕೇಳಿ. ಮನೆಯವರಿಗೆ ಒಂದು ಫೋನ್ ಮಾಡಿ, ಕೇಳಿದ ಸಮಯ ಬರೆದಿಡಿ.

ನಾನು ಪೊಲೀಸ್ ಕಾನ್‌ಸ್ಟೆಬಲ್. ಬೆಳಗ್ಗೆ ಆರರಿಂದ ಕ್ಯಾಂಪಸ್ ಬಂದೋಬಸ್ತ್‌ನಲ್ಲಿದ್ದೆ. ಕಲ್ಲು ತೂರಿದವನು ಒಬ್ಬ, ಸಿಕ್ಕವನು ಇನ್ನೊಬ್ಬ. ಮೇಲಿನವರು ಎಲ್ಲರನ್ನೂ ಹಾಕು ಅಂತಾರೆ. ನಾವೇನು ಮಾಡೋದು ಸರ್?

ಈ ಪತ್ರ ಬಂದದ್ದು ನನಗೆ ಖುಷಿ. ನಿಮ್ಮ ಮಗಳೋ ತಂಗಿಯೋ ಅದೇ ಹಾಸ್ಟೆಲ್‌ನಲ್ಲಿದ್ದರೂ ಇರಬಹುದು.

ಗುಂಪಿನಲ್ಲಿ ಇದ್ದ ಎಂಬ ಒಂದೇ ಕಾರಣಕ್ಕೆ ಎಲ್ಲರೂ ಅಪರಾಧಿಗಳಲ್ಲ. ಗುಂಪಿನ ಉದ್ದೇಶವೇ ಕಾನೂನುಬಾಹಿರ, ಅವನೂ ಅದರಲ್ಲಿ ಸೇರಿದ್ದ ಎಂದು ತೋರಿಸಬೇಕು. ಘೋಷಣೆ ಕೂಗುವುದು ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದು ನ್ಯಾಯ ಸಂಹಿತೆಯ 132ನೇ ಕಲಂ ಅಡಿ ಕೇಸು ನಿಲ್ಲುವುದಿಲ್ಲ. ನಿಮ್ಮ ಕಾಲರ್ ಹಿಡಿದರೆ, ತಳ್ಳಿದರೆ ನಿಲ್ಲುತ್ತದೆ, ವಿದ್ಯಾರ್ಥಿಗಳೂ ಇದನ್ನು ಓದಿಕೊಳ್ಳಲಿ. ಮಹಜರಿನಲ್ಲಿ ನೀವು ಕಣ್ಣಾರೆ ನೋಡಿದ್ದು ಮಾತ್ರ ಬರೆಸಿ. ಎರಡು ವರ್ಷ ಬಿಟ್ಟು ಸಾಕ್ಷಿ ಕಟ್ಟೆ ಹತ್ತಿ ನನ್ನಂಥವರ ಪಾಟೀಸವಾಲಿಗೆ ಉತ್ತರ ಹೇಳಬೇಕಾದವರು ನೀವು, ‘ಎಲ್ಲರನ್ನೂ ಹಾಕು’ ಎಂದವರಲ್ಲ.

ಇನ್ನೊಂದು. ಬಂಧಿಸುವವರ ಹೆಸರು ಓದುವಂತೆ ಕಾಣಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಂ ಹೇಳುತ್ತದೆ. ರಕ್ಷಾ ಜಾಕೆಟ್ ಹಾಕಿದಾಗ ನಿಮ್ಮ ನೇಮ್‌ಪ್ಲೇಟು ಒಳಗೆ ಮುಚ್ಚಿಹೋಗುತ್ತದೆ ಅಲ್ವಾ? ಅದನ್ನು ತೆಗೆದು ಜಾಕೆಟ್ ಮೇಲೆ ಹಾಕಿಕೊಳ್ಳಿ.